ಮೋಂ ಸೇಂ ಮಿಶೆಲ್: ಕಡಲ ನಡುವಣ ಮಠ

ಕಳೆದ ಬೇಸಗೆಯ ರಜೆಯಲ್ಲಿ ನಾವು ಮೂವರು ಅಧ್ಯಾಪಿಕೆಯರು ಐರೋಪ್ಯ ದೇಶಗಳಲ್ಲಿ ಸಂಚಾರ ಮಾಡಿ ಬಂದ ಸಂಗತಿಯು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರಿಗೆ ತಿಳಿದೇ ಇದೆ. ಅವರು ನಮ್ಮನ್ನು ಕಂಡಾಗಲೂ ಕಾಗದ ಬರೆದಾಗಲೂ, ಅಲ್ಲಿ ಕಂಡವುಗಳಲ್ಲಿ ಯಾವುದು ಮನಸ್ಸಿನಲ್ಲಿ ಹೆಚ್ಚಾಗಿ ನಿಂತಿದೆಯೆಂದು ಕೇಳುತ್ತಲೇ ಇದ್ದಾರೆ. ದೊಡ್ಡ ಪಟ್ಟಣಗಳ ವರ್ಣನೆಯನ್ನು ಎಲ್ಲಿಯಾದರೂ ಓದಬಹುದು. ಆದುದರಿಂದ ಈ ಸ್ಮರಣ ಸಂಚಿಕೆಯಲ್ಲಿ ಒಂದೇ ಒಂದು ಸ್ಥಳವನ್ನು ಆರಿಸಿಕೊಂಡು, ಅದನ್ನು ಸ್ವಲ್ಪ ವಿವರವಾಗಿ ತಿಳಿಸಬೇಕೆಂದಿದ್ದೇವೆ. ಅದು ಫ್ರಾನ್ಸ್ ದೇಶದ ಕಡಲಿನಲ್ಲಿರುವ ಮೋಂ ಸೇಂ ಮಿಶೆಲ್ ಎಂಬ ದ್ವೀಪವೂ ಅದರ ಮೇಲಿನ ಮಠವೂ ಆಗಿದೆ. ಫ್ರೆಂಚ್ ಭಾಷೆಯ ಆ ಹೆಸರಿಗೆ ‘ಸಂತ ಮೀಕಾಯೇಲನ ಬೆಟ್ಟ’ವೆಂದು ಅರ್ಥ.

ಆ ಸ್ಥಳವು ಕಣ್ಣಿಗೆ ಸೊಗಸಾದುದು ಎಂಬ ಕಾರಣದಿಂದ ಮಾತ್ರವೇ ಇದನ್ನು ಬರೆಯುತ್ತಿಲ್ಲ. ಸಾವಿರ ವರ್ಷಗಳಿಂದ ನಿಂತಿದೆಯೆಂದು ಎಲ್ಲರೂ ಹೊಗಳುವ ಈ ಕಟ್ಟಡವು ನಿಜವಾಗಿ ಎಷ್ಟು ಸಾರಿ ಬಿದ್ದಿತು, ಬಿದ್ದುದನ್ನು ಹೇಗೆ ಎತ್ತಿ ನಿಲ್ಲಿಸಿದರು, ಅದರ ಭಾರವನ್ನು ಕೆಳಗೆ ಯಾವುದು ಹೊತ್ತಿದೆ ಎಂಬುದನ್ನು ತಿಳಿದಾಗ, ನಮಗೆ ಅದರ ಸೌಂದರ್ಯವೇ ಬೇರೆಯಾಗಿ ತೋರಿತು. ಅದನ್ನೇ ವಾಚಕರ ಮುಂದೆ ಇಡಲು ಯತ್ನಿಸುತ್ತೇವೆ.

ಸ್ಥಳವೂ ಸಮುದ್ರವೂ

ಫ್ರಾನ್ಸಿನ ವಾಯವ್ಯ ಭಾಗದಲ್ಲಿ ನಾರ್ಮಂಡಿ, ಬ್ರಿಟ್ಟನಿ ಎಂಬ ಎರಡು ಪ್ರಾಂತಗಳು ಒಂದನ್ನೊಂದು ಮುಟ್ಟುವ ಮೂಲೆಯಲ್ಲಿ ಒಂದು ವಿಶಾಲವಾದ ಕೊಲ್ಲಿಯಿದೆ. ಕ್ವೆನೋಂ ಎಂಬ ಸಣ್ಣ ನದಿಯು ಅಲ್ಲಿ ಸಮುದ್ರವನ್ನು ಸೇರುತ್ತದೆ. ನದಿಯ ಬಾಯಿಗೆ ಎದುರಾಗಿ, ಸುತ್ತಲೂ ಚಪ್ಪಟೆಯಾದ ಮರಳಿನ ನಡುವೆ, ಕಗ್ಗಲ್ಲಿನ ಒಂದು ಬೆಟ್ಟವು ಒಂಟಿಯಾಗಿ ಎದ್ದು ನಿಂತಿದೆ. ಅದರ ಸುತ್ತಳತೆ ಸುಮಾರು ಒಂದು ಕಿಲೋಮೀಟರ್; ಎತ್ತರ ಸುಮಾರು 80 ಮೀಟರ್. ಬುಡದಲ್ಲಿ ಕೋಟೆಯ ಗೋಡೆ, ಅದರೊಳಗೆ ಒಂದರ ಮೇಲೊಂದು ಏರಿದ ಹಳೆಯ ಮನೆಗಳು, ಅವುಗಳ ಮೇಲೆ ಮಠದ ಭಾರಿ ಗೋಡೆಗಳು, ಎಲ್ಲಕ್ಕೂ ಮೇಲೆ ದೇವಾಲಯದ ಚೂಪಾದ ಶಿಖರ, ಆ ಶಿಖರದ ತುದಿಯಲ್ಲಿ ಚಿನ್ನದ ಲೇಪವುಳ್ಳ ಮೀಕಾಯೇಲನ ಪ್ರತಿಮೆ. ಪ್ರತಿಮೆಯ ತುದಿಯು ಸಮುದ್ರಮಟ್ಟದಿಂದ 150 ಮೀಟರಿಗಿಂತಲೂ ಎತ್ತರದಲ್ಲಿದೆ. ಬೆಟ್ಟವು ಎಲ್ಲಿ ಮುಗಿಯಿತು, ಮನುಷ್ಯರ ಕೆಲಸವು ಎಲ್ಲಿ ಆರಂಭವಾಯಿತು ಎಂದು ದೂರದಿಂದ ನೋಡುವವರಿಗೆ ಹೇಳಲಾಗದು.

ನಾವು ಪ್ಯಾರಿಸಿನಿಂದ ರೆನ್ ಎಂಬ ಪಟ್ಟಣಕ್ಕೆ ರೈಲಿನಲ್ಲಿ ಹೋಗಿ, ಅಲ್ಲಿಂದ ಬಸ್ಸನ್ನು ಹಿಡಿದು ಒಂದು ಗಂಟೆಗೆ ಸ್ವಲ್ಪ ಮೇಲ್ಪಟ್ಟ ಕಾಲದಲ್ಲಿ ದಡವನ್ನು ಸೇರಿದೆವು. ಹುಲ್ಲುಗಾವಲುಗಳ ಆಚೆಗೆ ಮಂಜಿನೊಳಗಿಂದ ಆ ಶಿಖರವು ಮೊದಲ ಸಾರಿ ಕಂಡಾಗ ಬಸ್ಸಿನಲ್ಲಿ ಮಾತನಾಡುತ್ತಿದ್ದವರೆಲ್ಲರೂ ಸುಮ್ಮನಾದರು.

ಈ ಸ್ಥಳವನ್ನು ಅರಿಯಬೇಕಾದರೆ ಮೊದಲು ಅಲ್ಲಿಯ ಸಮುದ್ರವನ್ನು ಅರಿಯಬೇಕು. ಮಂಗಳೂರಿನ ಕಡೆಯ ನಮ್ಮ ಹುಡುಗಿಯರು ಉಬ್ಬರವಿಳಿತಗಳನ್ನು ಕಂಡವರೇ ಸರಿ. ಆದರೆ ನಮ್ಮ ಕರಾವಳಿಯಲ್ಲಿ ನೀರು ಏರಿಳಿಯುವುದು ಎರಡು ಮೀಟರಿನೊಳಗೆ ಮಾತ್ರ. ಈ ಕೊಲ್ಲಿಯಲ್ಲಿ ದೊಡ್ಡ ಉಬ್ಬರದ ದಿನಗಳಲ್ಲಿ ನೀರು ಸುಮಾರು 14 ಮೀಟರುಗಳಷ್ಟು, ಅಂದರೆ ನಾಲ್ಕು ಅಂತಸ್ತಿನ ಮನೆಯಷ್ಟು, ಏರಿ ಇಳಿಯುತ್ತದೆ. ಚಂದ್ರಸೂರ್ಯರ ಆಕರ್ಷಣೆಯಿಂದ ಎದ್ದ ಅಲೆಯು ಅಟ್ಲಾಂಟಿಕ್ ಸಾಗರದಿಂದ ಇಂಗ್ಲಿಷ್ ಕಾಲುವೆಯೊಳಕ್ಕೆ ನುಗ್ಗಿ, ಮುಂದೆ ಚಾಚಿಕೊಂಡಿರುವ ನಾರ್ಮಂಡಿಯ ನೆಲಕ್ಕೆ ತಡೆದು, ಆಳವಿಲ್ಲದ ಈ ಇಕ್ಕಟ್ಟಾದ ಮೂಲೆಯಲ್ಲಿ ಒತ್ತೊತ್ತಾಗಿ ಮೇಲೇರುವುದೇ ಇದಕ್ಕೆ ಕಾರಣ. ನೆಲವು ಬಹಳ ಚಪ್ಪಟೆಯಾಗಿರುವುದರಿಂದ ಇಳಿತದ ಕಾಲದಲ್ಲಿ ಸಮುದ್ರವು ಸುಮಾರು 15 ಕಿಲೋಮೀಟರ್ ಹಿಂದಕ್ಕೆ ಸರಿದು ಕಣ್ಣಿಗೇ ಕಾಣದಂತಾಗುವುದುಂಟು. ಮತ್ತೆ ಬರುವಾಗ ಓಡುವ ಕುದುರೆಯ ವೇಗದಿಂದ ಬರುತ್ತದೆಂದು ಜನರು ಹೇಳುವರು. ಅದು ಕುದುರೆಯ ವೇಗವಲ್ಲ, ಮನುಷ್ಯನು ಬಿರುಸಾಗಿ ನಡೆಯುವಷ್ಟು ವೇಗ. ಆದರೂ ನೀರು ಎದುರಿನಿಂದ ಮಾತ್ರವಲ್ಲದೆ ಹಳ್ಳಕೊಳ್ಳಗಳನ್ನು ಹಿಡಿದು ಬೆನ್ನ ಹಿಂದಿನಿಂದಲೂ ಬಂದು ಸುತ್ತಿಕೊಳ್ಳುವುದರಿಂದ, ದಾರಿ ತಿಳಿಯದವನಿಗೆ ಆ ವೇಗವೇ ಸಾಕು.

ಇಳಿತದ ವೇಳೆಯಲ್ಲಿ ಪರವಾನಗಿ ಪಡೆದ ಮಾರ್ಗದರ್ಶಿಯೊಬ್ಬನ ಸಂಗಡ ನಾವೂ ಬರಿಗಾಲಿನಲ್ಲಿ ಆ ಮರಳಿನ ಮೇಲೆ ಸ್ವಲ್ಪ ದೂರ ನಡೆದೆವು. ಒಂದು ಕಡೆಯಲ್ಲಿ ಅವನು ನಮ್ಮನ್ನು ನಿಲ್ಲಿಸಿ, ಒಂದೇ ಜಾಗದಲ್ಲಿ ಮೆಲ್ಲಗೆ ತುಳಿಯುವಂತೆ ಹೇಳಿದನು. ಗಟ್ಟಿಯಾಗಿದ್ದ ನೆಲವು ತಟ್ಟೆಗೆ ಸುರಿದ ಹಾಲುಬಾಯಿಯಂತೆ ಅಲುಗಾಡತೊಡಗಿತು. ನೋಡುತ್ತಿದ್ದಂತೆಯೇ ಮೊಣಕಾಲಿನ ವರೆಗೆ ಇಳಿದುಹೋದೆವು. ಅಂಥ ಮರಳಿನಲ್ಲಿ ಸಿಕ್ಕಿದವರು ಗಾಬರಿಯಿಂದ ಕಾಲು ಕೀಳಲು ಹೆಣಗಿದಷ್ಟೂ ಮರಳು ಬಿಗಿಯಾಗುತ್ತದೆ. ಒಂದು ಕಾಲನ್ನು ನಿಧಾನವಾಗಿ ಅಲುಗಿಸಿ ನೀರು ಒಳಗೆ ಇಳಿಯುವಂತೆ ಮಾಡಿ, ಅದು ಬಿಡಿಸಿಕೊಂಡ ಮೇಲೆ ಮತ್ತೊಂದನ್ನು ಎತ್ತಬೇಕು ಎಂದು ಅವನು ಕಲಿಸಿದನು. ಜನರು ಅಲ್ಲಿ ಸಾಯುವುದು ಮರಳು ನುಂಗುವುದರಿಂದಲ್ಲ. ಸಿಕ್ಕಿಕೊಂಡಿರುವಾಗ ಉಬ್ಬರವು ಬಂದುಬಿಡುವುದರಿಂದ.

ಈ ಅಪಾಯವು ಹೊಸದಲ್ಲ. ಬಾಯೋ ಪಟ್ಟಣದ ಹೆಸರಿನಿಂದ ಪ್ರಸಿದ್ಧವಾದ 11ನೆಯ ಶತಮಾನದ ಒಂದು ಕಸೂತಿಪಟವಿದೆ. ನಾರಿನ ಬಟ್ಟೆಯ ಮೇಲೆ ಬಣ್ಣದ ಉಣ್ಣೆಯ ದಾರದಿಂದ ಹೊಲಿದ ಅದರ ಉದ್ದ ಸುಮಾರು 70 ಮೀಟರ್. ಇಂಗ್ಲೆಂಡಿನ ಹೆರಾಲ್ಡ್ ಪ್ರಭುವು ಕ್ವೆನೋಂ ನದಿಯ ಮರಳಿನಲ್ಲಿ ಸಿಕ್ಕಿದ್ದ ಸಿಪಾಯಿಗಳನ್ನು ಎಳೆದು ತೆಗೆಯುತ್ತಿರುವುದನ್ನೂ, ಹಿಂದೆ ಈ ಬೆಟ್ಟದ ಮೇಲಣ ದೇವಾಲಯವನ್ನೂ ಅದರಲ್ಲಿ ಕಾಣಬಹುದು. ಸೂಜಿಯ ಕೆಲಸವು ಬೇಸರವೆಂದು ಹೊಲಿಗೆಯ ತರಗತಿಯಲ್ಲಿ ಮುಖ ಸಣ್ಣದು ಮಾಡಿಕೊಂಡವರಿಗೆ ಈ ಸಂಗತಿಯನ್ನು ಜ್ಞಾಪಿಸುತ್ತೇವೆ: ಆ ಕಾಲದ ಅನೇಕ ಕಟ್ಟಡಗಳು ಹಾಳಾಗಿ ಹೋದರೂ ಸೂಜಿದಾರದ ಆ ಚರಿತ್ರೆಯು ಉಳಿದಿದೆ.

ಆರಂಭದ ಕಥೆ

ಕ್ರಿಸ್ತಶಕ 708ರಲ್ಲಿ, ಕೊಲ್ಲಿಯ ಆಚೆ ದಡದ ಅವ್ರಾಂಶ್ ಪಟ್ಟಣದ ಬಿಷಪರಾಗಿದ್ದ ಓಬೇರ್ ಎಂಬವರಿಗೆ ಪ್ರಧಾನದೂತನಾದ ಮೀಕಾಯೇಲನು ಕನಸಿನಲ್ಲಿ ಕಾಣಿಸಿಕೊಂಡು, ಈ ಬೆಟ್ಟದ ಮೇಲೆ ತನ್ನ ಹೆಸರಿನಲ್ಲಿ ಒಂದು ಪ್ರಾರ್ಥನಾಲಯವನ್ನು ಕಟ್ಟಬೇಕೆಂದು ಅಪ್ಪಣೆ ಮಾಡಿದನೆಂಬುದು ಐತಿಹ್ಯ. ಬಿಷಪರು ಎರಡು ಸಾರಿ ಸಂದೇಹಪಟ್ಟು ಸುಮ್ಮನಾದರಂತೆ. ಮೂರನೆಯ ಸಾರಿ ದೂತನು ಅವರ ತಲೆಯನ್ನು ಬೆರಳಿನಿಂದ ಒತ್ತಿದನಂತೆ. ರಂಧ್ರವಿರುವ ಒಂದು ತಲೆಬುರುಡೆಯನ್ನು ಇಂದಿಗೂ ಅವ್ರಾಂಶಿನ ದೇವಾಲಯದಲ್ಲಿ ಇಟ್ಟಿದ್ದಾರೆ. ಇದನ್ನು ನಂಬುವುದೂ ಬಿಡುವುದೂ ಓದುವವರ ಇಷ್ಟ. ಸತ್ಯವೇದದಲ್ಲಿ ಮೀಕಾಯೇಲನು ಘಟಸರ್ಪದೊಡನೆ ಯುದ್ಧಮಾಡಿದ ದೂತನಾದುದರಿಂದ, ಗಾಳಿಗೂ ಅಲೆಗೂ ಎದೆಯೊಡ್ಡಿ ನಿಂತ ಇಂಥ ಎತ್ತರವಾದ ಸ್ಥಳಗಳಿಗೆ ಅವನ ಹೆಸರನ್ನು ಇಡುವ ವಾಡಿಕೆಯು ಆಗಿನ ಐರೋಪ್ಯ ಕ್ರೈಸ್ತರಲ್ಲಿ ಇತ್ತು.

966ರಲ್ಲಿ ನಾರ್ಮಂಡಿಯ ಅರಸನಾದ ಮೊದಲನೆಯ ರಿಚರ್ಡನು ಸಂತ ಬೆನೆಡಿಕ್ಟನ ನಿಯಮವನ್ನು ಅನುಸರಿಸುವ ಸನ್ಯಾಸಿಗಳನ್ನು ಇಲ್ಲಿ ನೆಲೆಗೊಳಿಸಿದನು. ಪ್ರಾರ್ಥನೆ, ಕೈಕೆಲಸ, ಓದು, ಅತಿಥಿಸತ್ಕಾರ ಇವೇ ಆ ನಿಯಮದ ಸಾರ. ಇಲ್ಲಿನ ಸನ್ಯಾಸಿಗಳು ಗ್ರಂಥಗಳನ್ನು ಕೈಯಿಂದ ನಕಲುಮಾಡುವ ಕೆಲಸದಲ್ಲಿ ಹೆಸರುವಾಸಿಯಾದರು. ಧರ್ಮಗ್ರಂಥಗಳು ಮಾತ್ರವಲ್ಲದೆ ತತ್ವಶಾಸ್ತ್ರ, ಗಣಿತ, ಸಂಗೀತ ಇವುಗಳ ಗ್ರಂಥಗಳೂ ಅಲ್ಲಿ ಇದ್ದವು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಆ ಪುಸ್ತಕಗಳನ್ನು ಅವ್ರಾಂಶಿಗೆ ಸಾಗಿಸಿದರು; ಸುಮಾರು 200 ಹಸ್ತಪ್ರತಿಗಳು ಅಲ್ಲಿ ಈಗಲೂ ಕ್ಷೇಮವಾಗಿವೆ. ಮಠದ ದಾನಪತ್ರಗಳೂ ದಾಖಲೆಗಳೂ ಬೇರೆ ದಾರಿ ಹಿಡಿದು ಸೇಂ ಲೋ ಎಂಬ ಪಟ್ಟಣವನ್ನು ಸೇರಿದ್ದವು. 1944ನೆಯ ಜೂನಿನಲ್ಲಿ ಆ ಪಟ್ಟಣದ ಮೇಲೆ ಬಾಂಬುಗಳು ಬಿದ್ದಾಗ ಅವು ಸುಟ್ಟುಹೋದವು. ಒಂದೇ ಮನೆಯಿಂದ ಹೊರಟ ಎರಡು ಹೊರೆಗಳಲ್ಲಿ ಒಂದು ಉಳಿಯಿತು, ಇನ್ನೊಂದು ಬೂದಿಯಾಯಿತು.

ಬೆಟ್ಟದ ತುದಿಯ ಮೇಲೆ ಕಟ್ಟಿದ ಬಗೆ

1023ರಲ್ಲಿ ಸನ್ಯಾಸಿಗಳು ದೊಡ್ಡ ದೇವಾಲಯವನ್ನು ಕಟ್ಟಲು ಕೈಹಾಕಿದರು. ಕ್ರೈಸ್ತ ದೇವಾಲಯವು ಶಿಲುಬೆಯ ಆಕಾರದಲ್ಲಿ ಉದ್ದವಾಗಿ ಚಾಚಿಕೊಂಡಿರಬೇಕು. ಬೆಟ್ಟದ ತುದಿಯಾದರೋ ಚೂಪು. ಅಲ್ಲಿ ಅಂಥ ಕಟ್ಟಡಕ್ಕೆ ಸಮತಟ್ಟಾದ ಸ್ಥಳವೇ ಇಲ್ಲ. ಸಾಮಾನ್ಯರಾದರೆ ತುದಿಯನ್ನು ಕಡಿದು ಸಮಮಾಡುತ್ತಿದ್ದರು, ಅಥವಾ ಚಿಕ್ಕ ಗುಡಿಯೊಂದೇ ಸಾಕೆನ್ನುತ್ತಿದ್ದರು. ಇವರು ಮಾಡಿದ್ದೇ ಬೇರೆ. ಶಿಲುಬೆಯ ಎರಡು ತೋಳುಗಳು ಕೂಡುವ ನಡುಭಾಗವನ್ನು ಮಾತ್ರ ಬಂಡೆಯ ನೆತ್ತಿಯ ಮೇಲೆ ಇಟ್ಟರು. ಉಳಿದ ಭಾಗಗಳು ನಿಲ್ಲುವುದಕ್ಕಾಗಿ ಇಳಿಜಾರಿನ ಮೇಲೆ ನಾಲ್ಕು ಕಡೆಗಳಲ್ಲಿಯೂ ನೆಲಮಾಳಿಗೆಯಂಥ ಆರಾಧನಾಲಯಗಳನ್ನು ಕಟ್ಟಿ, ಅವುಗಳ ಚಾವಣಿಯನ್ನೇ ಮೇಲಿನ ದೇವಾಲಯಕ್ಕೆ ನೆಲವನ್ನಾಗಿ ಮಾಡಿದರು. ಪಶ್ಚಿಮದಲ್ಲಿ 10ನೆಯ ಶತಮಾನದ ಹಳೆಯ ಗುಡಿಯೊಂದು ಇತ್ತು. ಅದನ್ನು ಕೆಡಹದೆ ಹಾಗೆಯೇ ಒಳಗೆ ಸೇರಿಸಿಕೊಂಡು ಅದರ ಮೇಲೆ ಭಾರವನ್ನು ಹೊರಿಸಿದರು. ಹೀಗೆ, ಮೇಲೆ ಬೆಳಕಿನಲ್ಲಿ ಕಾಣುವ ಒಂದು ದೇವಾಲಯವನ್ನು ಕೆಳಗೆ ಕತ್ತಲಲ್ಲಿರುವ ನಾಲ್ಕು ಗುಡಿಗಳು ಹೊತ್ತಿವೆ. ಕಲ್ಲನ್ನು ಶೋಸೇ ದ್ವೀಪಗಳಿಂದ ದೋಣಿಗಳಲ್ಲಿ, ಉಬ್ಬರದ ವೇಳೆಯನ್ನು ಕಾದು, ತಂದು ಮೇಲಕ್ಕೆ ಏರಿಸಿದರು.

ಸುಮಾರು 350 ಮೆಟ್ಟಲುಗಳನ್ನು ಹತ್ತಿ ನಾವು ಮೇಲಿನ ದೇವಾಲಯವನ್ನು ನೋಡಿ, ಆಮೇಲೆ ಕೆಳಗಿನ ಗುಡಿಗಳಿಗೆ ಇಳಿದೆವು. ಮೇಲೆ ನಿಂತವರೆಲ್ಲರೂ ಕತ್ತೆತ್ತಿ ನೋಡುತ್ತಿದ್ದರು; ಕೆಳಗೆ ಬಂದವರು ಕಡಿಮೆ, ಬಂದವರೂ ಬೇಗನೆ ದಾಟಿಹೋಗುತ್ತಿದ್ದರು. ಪೂರ್ವದ ಕಡೆಯ ಗುಡಿಯಲ್ಲಿ ಸುಮಾರು ಐದು ಮೀಟರ್ ಸುತ್ತಳತೆಯ ದುಂಡುಕಂಬಗಳು ಒತ್ತೊತ್ತಾಗಿ ನಿಂತಿವೆ. ಅವುಗಳಿಗೆ ಕೆತ್ತನೆಯಿಲ್ಲ, ಅಲಂಕಾರವಿಲ್ಲ. ಅವುಗಳ ಕೆಲಸ ಹೊರುವುದು, ಅದನ್ನು ಮಾಡುತ್ತಿವೆ.

ಆದರೆ ಮೊದಲು ಕಟ್ಟಿದವರ ಕೆಲಸವೆಲ್ಲವೂ ನಿಲ್ಲಲಿಲ್ಲ. 1103ರಲ್ಲಿ ದೇವಾಲಯದ ಉತ್ತರದ ಗೋಡೆಯು ಕುಸಿದು ಬಿದ್ದಿತು. ಅದನ್ನು ಮತ್ತೆ ಕಟ್ಟಿದರು. 1421ರಲ್ಲಿ ಪೂರ್ವದ ಗಾಯನಸ್ಥಳವೇ ಪೂರ್ತಿಯಾಗಿ ಬಿದ್ದುಹೋಯಿತು. ಆಗ ಯುದ್ಧಕಾಲವಾದುದರಿಂದ ಇಪ್ಪತ್ತೈದು ವರ್ಷ ಅದು ಹಾಗೆಯೇ ಇತ್ತು. 1446ರಲ್ಲಿ ಆರಂಭಿಸಿದವರು ಮೊದಲು ಮೇಲಿನದನ್ನು ಕಟ್ಟಲಿಲ್ಲ. ಮೊದಲು ಕೆಳಗೆ ಈಗ ಹೇಳಿದ ಆ ದಪ್ಪ ಕಂಬಗಳನ್ನು ನಿಲ್ಲಿಸಿದರು. ಮೇಲಿನ ಕೆಲಸವು ಮುಗಿದದ್ದು 1521ರಲ್ಲಿ. ತಳಪಾಯವನ್ನು ಹಾಕಿದವರಲ್ಲಿ ಯಾರೂ ಅದನ್ನು ಕಾಣಲು ಬದುಕಿದ್ದಿಲ್ಲವೆಂದೇ ಎಣಿಸಬಹುದು. 1776ರಲ್ಲಿ ಬೆಂಕಿ ಬಿದ್ದ ಮೇಲೆ ಪಶ್ಚಿಮದ ಏಳು ಅಂಕಣಗಳಲ್ಲಿ ಮೂರನ್ನು ತೆಗೆದುಹಾಕಬೇಕಾಯಿತು. ಅವು ಇದ್ದ ಕಡೆಯಲ್ಲಿ ಈಗ ಬಯಲು ಜಗಲಿಯಿದೆ. ಅಲ್ಲಿ ನಿಂತರೆ ಇಡೀ ಕೊಲ್ಲಿಯು ಕಾಣುತ್ತದೆ.

‘ಆಶ್ಚರ್ಯ’ವೆಂಬ ಕಟ್ಟಡ

1204ರಲ್ಲಿ ಬ್ರಿಟ್ಟನಿಯ ಸೈನ್ಯವು ಊರಿಗೆ ಬೆಂಕಿಯಿಟ್ಟಿತು. ಬೆಂಕಿಯು ಮಠಕ್ಕೂ ಹಬ್ಬಿತು. ಆ ಸೈನ್ಯವು ತನ್ನ ಪಕ್ಷದ್ದೇ ಆಗಿದ್ದುದರಿಂದ ಫ್ರಾನ್ಸಿನ ಅರಸನಾದ ಫಿಲಿಪ್ ಆಗಸ್ಟಸನು ಪುನಃ ಕಟ್ಟುವುದಕ್ಕೆ ಹಣವನ್ನು ಕೊಟ್ಟನು. ಆ ಹಣದಿಂದ ಎದ್ದದ್ದೇ ಉತ್ತರದ ಕಡಿದಾದ ಪಾರ್ಶ್ವದಲ್ಲಿ 1211ರಿಂದ 1228ರ ವರೆಗೆ, ಹದಿನೇಳೇ ವರ್ಷಗಳಲ್ಲಿ, ಕಟ್ಟಲ್ಪಟ್ಟ ಮೂರು ಅಂತಸ್ತುಗಳ ಸೌಧ. ಜನರು ಇದನ್ನು ಮೆರ್ವೇಯ್, ಅಂದರೆ ‘ಆಶ್ಚರ್ಯ’ವೆಂದು ಕರೆಯುತ್ತಾರೆ.

ಇದರ ಮೂರು ಅಂತಸ್ತುಗಳು ಆ ಕಾಲದ ಸಮಾಜದ ಒಂದು ಚಿತ್ರವೇ ಸರಿ. ಅಡಿಯಲ್ಲಿ ಬಡ ಯಾತ್ರಿಕರಿಗೆ ಅನ್ನವಿಕ್ಕುವ ದಾನಶಾಲೆ, ಪಕ್ಕದಲ್ಲಿ ಉಗ್ರಾಣ. ನಡುವೆ ಅರಸರನ್ನೂ ಸಿರಿವಂತರನ್ನೂ ಸತ್ಕರಿಸುವ ಅತಿಥಿಶಾಲೆ, ಪಕ್ಕದಲ್ಲಿ ಸನ್ಯಾಸಿಗಳು ಓದಿ ಬರೆಯುತ್ತಿದ್ದ ವಿಶಾಲವಾದ ಕೋಣೆ. ಮೇಲೆ ಸನ್ಯಾಸಿಗಳ ಭೋಜನಶಾಲೆ, ಪಕ್ಕದಲ್ಲಿ ಧ್ಯಾನಕ್ಕಾಗಿ ಕಂಬಸಾಲಿನ ಅಂಗಳ. ಕಟ್ಟಡದ ಯುಕ್ತಿಯೂ ಗಮನಿಸತಕ್ಕದ್ದು. ಮೇಲೇರಿದಷ್ಟೂ ಭಾರವು ಕಡಿಮೆಯಾಗುತ್ತಾ ಹೋಗಬೇಕು. ಆದುದರಿಂದ ಅಡಿಯಲ್ಲಿ ದಪ್ಪ ಗೋಡೆಯೂ ಮೋಟುಕಂಬಗಳೂ. ನಡುವೆ ತೆಳುವಾದ ಕಂಬಗಳು. ಮೇಲೆ ಕಲ್ಲಿನ ಚಾವಣಿಯನ್ನೇ ಬಿಟ್ಟು ಮರದ ಚಾವಣಿ. ಹೊರಗಿನಿಂದ ಎತ್ತರವಾದ ಆನಿಕೆಗೋಡೆಗಳು ಇಡೀ ಸೌಧವನ್ನು ಒತ್ತಿಹಿಡಿದಿವೆ.

ಭೋಜನಶಾಲೆಯ ಗೋಡೆಯಲ್ಲಿ ದೊಡ್ಡ ಕಿಟಕಿಗಳನ್ನು ಬಿಟ್ಟಿದ್ದರೆ ಗೋಡೆಯು ಬಲಹೀನವಾಗುತ್ತಿತ್ತು. ಆದಕಾರಣ ಕಟ್ಟಿದವರು ಕಿರಿದಾದ ಕಿಟಕಿಗಳನ್ನು ಒತ್ತೊತ್ತಾಗಿ, ಗೋಡೆಯ ದಪ್ಪದೊಳಗೆ ಹುದುಗಿಸಿ ಇಟ್ಟರು. ಬಾಗಿಲಲ್ಲಿ ನಿಂತವರಿಗೆ ಪಕ್ಕದ ಗೋಡೆಗಳ ಆ ಕಿಟಕಿಗಳು ಕಾಣವು; ಆದರೂ ಕೋಣೆಯ ತುಂಬ ತಂಪಾದ ಬೆಳಕು. ಊಟದ ಹೊತ್ತಿನಲ್ಲಿ ಒಬ್ಬನು ಪೀಠದಲ್ಲಿ ನಿಂತು ಧರ್ಮಗ್ರಂಥವನ್ನು ಓದುತ್ತಿದ್ದನು, ಉಳಿದವರು ಮೌನವಾಗಿ ಉಣ್ಣುತ್ತಿದ್ದರು. ನಮ್ಮ ಬೋರ್ಡಿಂಗಿನ ಊಟದ ಮನೆಯ ಗಲಾಟೆಯನ್ನು ನೆನೆದು ನಾವು ನಗದೆ ಇರಲಾರದೆ ಹೋದೆವು.

ಅಂಗಳದ ಸುತ್ತಲಿನ ಸಣ್ಣ ಕಂಬಗಳು ಎರಡು ಸಾಲಾಗಿ ನಿಂತಿವೆ. ಒಂದು ಸಾಲಿನ ಕಂಬವು ಇನ್ನೊಂದು ಸಾಲಿನ ಎರಡು ಕಂಬಗಳ ನಡುವೆ ಬರುವಂತೆ ಇಟ್ಟಿರುವುದರಿಂದ, ನಾವು ನಡೆದಂತೆಲ್ಲಾ ಅವೂ ಸರಿದಾಡುವಂತೆ ತೋರುತ್ತವೆ. ಗೋಡೆಯ ಒಂದು ಕಡೆಯಲ್ಲಿರುವ ತೆರಪುಗಳಿಂದ ಬಹಳ ಕೆಳಗೆ ಸಮುದ್ರವು ಕಾಣುತ್ತದೆ. ಮೂರನೆಯ ಅಂತಸ್ತಿನ ಮೇಲೆ, ಆಕಾಶಕ್ಕೂ ಕಡಲಿಗೂ ನಡುವೆ ಹಸುರಿನ ಒಂದು ಅಂಗಳ! ನಾವು ಅಲ್ಲಿ ಬಹಳ ಹೊತ್ತು ಕುಳಿತಿದ್ದೆವು.

ಮುತ್ತಿಗೆಯೂ ಸೆರೆಮನೆಯೂ

ಇಂಗ್ಲೆಂಡಿಗೂ ಫ್ರಾನ್ಸಿಗೂ ನೂರು ವರ್ಷಗಳ ಯುದ್ಧವೆಂಬ ದೀರ್ಘವಾದ ಕಾಳಗ ನಡೆದಾಗ ನಾರ್ಮಂಡಿಯೆಲ್ಲವೂ ಇಂಗ್ಲಿಷರ ವಶವಾಯಿತು. ಈ ಬೆಟ್ಟವೊಂದೇ ಆಗಲಿಲ್ಲ. ಅವರು ಪಕ್ಕದ ತೊಂಬ್ಲೇನ್ ಎಂಬ ದ್ವೀಪದಲ್ಲಿ ನೆಲೆಯೂರಿ, ಸುಮಾರು ಹತ್ತು ವರ್ಷ ಇದನ್ನು ಕಾಡಿದರು. 119 ಮಂದಿ ವೀರರು ಇದನ್ನು ಕಾಯ್ದರೆಂದು ಪ್ರಸಿದ್ಧಿ. 1434ರ ಕೊನೆಯ ದೊಡ್ಡ ದಾಳಿಯಲ್ಲಿ ಸೋತು ಹೋದವರು ಬಿಟ್ಟುಹೋದ ಎರಡು ಭಾರಿ ಫಿರಂಗಿಗಳು ಇಂದಿಗೂ ಊರಬಾಗಿಲಲ್ಲಿ ಬಿದ್ದಿವೆ. ಮಕ್ಕಳು ಅವುಗಳ ಮೇಲೆ ಕುಳಿತು ಚಿತ್ರ ತೆಗೆಸಿಕೊಳ್ಳುತ್ತಾರೆ.

ಶತ್ರುಗಳ ಕೈಗೆ ಬೀಳದ ಈ ಸ್ಥಳವು ತನ್ನ ದೇಶದವರ ಕೈಯಲ್ಲಿಯೇ ಕೆಟ್ಟಿತು. ನಾಲ್ಕು ಸುತ್ತಲೂ ಸಮುದ್ರವಿರುವ ಬಲವಾದ ಗೋಡೆಗಳು ಮನುಷ್ಯರನ್ನು ಕೂಡಿಹಾಕುವುದಕ್ಕೂ ಅನುಕೂಲವೆಂದು ಅರಸರಿಗೆ ತೋರಿತು. 15ನೆಯ ಶತಮಾನದಲ್ಲಿ ಹನ್ನೊಂದನೆಯ ಲೂಯಿ ಅರಸನು ಇಲ್ಲಿ ಸೆರೆಯಾಳುಗಳಿಗಾಗಿ ಒಂದು ಪಂಜರವನ್ನು ಇಡಿಸಿದ್ದನು. ಕ್ರಾಂತಿಯ ಕಾಲದಲ್ಲಿ ಸನ್ಯಾಸಿಗಳು 1790ರಲ್ಲಿ ಹೊರಟುಹೋದ ಮೇಲೆ ಮಠವೆಲ್ಲವೂ ಸೆರೆಮನೆಯಾಯಿತು. ಹೊಸ ಸರಕಾರಕ್ಕೆ ಪ್ರಮಾಣ ಮಾಡಲೊಪ್ಪದ ಪಾದ್ರಿಗಳನ್ನು ಮೊದಲು ತಂದು ಹಾಕಿದರು; ಆಮೇಲೆ ಕಳ್ಳಕಾಕರನ್ನೂ ರಾಜಕೀಯ ಕೈದಿಗಳನ್ನೂ ಹಾಕಿದರು. ಬಾರ್ಬೆಸ್, ಬ್ಲಾಂಕಿ ಎಂಬ ಹೆಸರಾಂತ ಕ್ರಾಂತಿಕಾರರು ಇಲ್ಲಿ ಸೆರೆಯಲ್ಲಿದ್ದರು. ‘ಬಿಡುಗಡೆಯ ಬೆಟ್ಟ’ವೆಂದು ಇದಕ್ಕೆ ಹೊಸ ಹೆಸರನ್ನು ಇಟ್ಟಿದ್ದರೆಂಬುದು ಚರಿತ್ರೆಯ ಪರಿಹಾಸ್ಯ.

ಸನ್ಯಾಸಿಗಳ ಎಲುಬುಗಳನ್ನು ಇಡುತ್ತಿದ್ದ ಕೋಣೆಯಲ್ಲಿ ನಾವು ಒಂದು ದೊಡ್ಡ ಮರದ ಚಕ್ರವನ್ನು ಕಂಡೆವು. ಕೈದಿಗಳು ಅದರ ಒಳಗೆ ನಿಂತು, ಮೆಟ್ಟಲು ಹತ್ತುವವರಂತೆ ನಡೆಯುತ್ತಲೇ ಇರಬೇಕಾಗಿತ್ತು. ಚಕ್ರವು ತಿರುಗಿ ಹಗ್ಗವು ಸುತ್ತಿಕೊಂಡಂತೆ, ಹೊರಗಿನ ಕಲ್ಲಿನ ಇಳಿಜಾರಿನ ಮೇಲೆ ಸಾಮಾನಿನ ಬಂಡಿಯು ಮೇಲಕ್ಕೆ ಬರುತ್ತಿತ್ತು. ನಡೆದಷ್ಟೂ ಇದ್ದಲ್ಲೇ ಇರುವ ನಡಿಗೆ! ದೇವಾಲಯದಲ್ಲಿಯಾದರೋ ಹುಲ್ಲಿನ ಟೋಪಿಗಳನ್ನು ಮಾಡುವ ಕಾರ್ಖಾನೆಯನ್ನು ಇಟ್ಟಿದ್ದರು. 1834ರಲ್ಲಿ ಅಲ್ಲಿ ಬೆಂಕಿ ಎದ್ದು ಕಟ್ಟಡಕ್ಕೆ ಬಹಳ ಹಾನಿಯಾಯಿತು. ವಿಕ್ಟರ್ ಹ್ಯೂಗೋ ಮೊದಲಾದ ಗ್ರಂಥಕರ್ತರು ಈ ಅವಸ್ಥೆಯನ್ನು ಕಂಡು ಮನನೊಂದು ಬರೆದರು. ಕಡೆಗೆ 1863ರಲ್ಲಿ ಸೆರೆಮನೆಯು ಮುಚ್ಚಲ್ಪಟ್ಟಿತು. 1874ರಲ್ಲಿ ಮಠವು ದೇಶದ ಐತಿಹಾಸಿಕ ಸ್ಮಾರಕಗಳ ಪಟ್ಟಿಗೆ ಸೇರಿತು. ಆಮೇಲೆ ದೀರ್ಘಕಾಲದ ದುರಸ್ತಿ ನಡೆಯಿತು. ದೂರದಿಂದ ಎಲ್ಲರ ಕಣ್ಣನ್ನು ಸೆಳೆಯುವ ಶಿಖರವೂ ಫ್ರೆಮ್ಯೇ ಎಂಬ ಶಿಲ್ಪಿಯ ಪ್ರತಿಮೆಯೂ ಸಾವಿರ ವರ್ಷದವುಗಳಲ್ಲ, ಅವು 1897ರವು.

ನಾವು ಇದನ್ನು ಮುಚ್ಚಿಡದೆ ಹೇಳುವುದಕ್ಕೆ ಕಾರಣವುಂಟು. ಕಲ್ಲು ತಾನಾಗಿ ಪವಿತ್ರವಾಗಿ ಉಳಿಯುವುದಿಲ್ಲ. ಅದೇ ಗೋಡೆ, ಅದೇ ಕಮಾನು, ಅದೇ ಬೆಳಕು. ಒಳಗಿರುವವರು ಏತಕ್ಕಾಗಿ ಇದ್ದಾರೆಂಬುದರಿಂದ ಮಠವೂ ಆಗುತ್ತದೆ, ಸೆರೆಮನೆಯೂ ಆಗುತ್ತದೆ.

ಸುಗಮವಾದ ರಸ್ತೆಯಿಂದಾದ ಕೇಡು

ದುರಸ್ತಿಯ ಕಾಲದಲ್ಲಿಯೇ ಮತ್ತೊಂದು ಅಪಾಯವು ಉಪಕಾರದ ವೇಷದಲ್ಲಿ ಬಂದಿತು. ಹಿಂದಿನ ಯಾತ್ರಿಕರು ಇಳಿತವನ್ನು ಕಾದು ಮರಳಿನ ಮೇಲೆ ನಡೆದು ಬರುತ್ತಿದ್ದರು. ದಾರಿಯಲ್ಲಿ ಸತ್ತವರೂ ಉಂಟು. ಜನರಿಗೆ ಸುಗಮವಾಗಲೆಂದು 1879ರಲ್ಲಿ ದಡದಿಂದ ದ್ವೀಪದ ವರೆಗೆ ಮಣ್ಣುಕಲ್ಲುಗಳ ಒಡ್ಡುರಸ್ತೆಯನ್ನು ಹಾಕಿದರು. ಅದಕ್ಕೆ ಮೊದಲೇ ಕ್ವೆನೋಂ ನದಿಯನ್ನು ನೇರವಾದ ಕಾಲುವೆಯೊಳಗೆ ಹರಿಯಿಸಿ, ಕೊಲ್ಲಿಯ ಅಂಚನ್ನು ಹೊಲಗದ್ದೆಗಳನ್ನಾಗಿ ಮಾಡತೊಡಗಿದ್ದರು. 1969ರಲ್ಲಿ ನದಿಗೆ ಒಂದು ಅಣೆಕಟ್ಟನ್ನೂ ಕಟ್ಟಿದರು. ಇವುಗಳಲ್ಲಿ ಒಂದೊಂದನ್ನೂ ಒಳ್ಳೆಯದಕ್ಕೆಂದೇ ಮಾಡಿದರು. ಆದರೆ ಪ್ರತಿಯೊಂದು ಉಬ್ಬರವೂ ಹೂಳನ್ನು ತಂದು ಹಾಕುತ್ತದೆ. ಅದನ್ನು ಹಿಂದಕ್ಕೆ ತೊಳೆದು ಒಯ್ಯುತ್ತಿದ್ದ ನದಿಗೂ ಅಲೆಗೂ ಈಗ ತಡೆಯಾಯಿತು. ವರ್ಷವರ್ಷವೂ ಹೂಳು ಏರಿತು; ಹುಲ್ಲು ಬೆಳೆಯಿತು; ಕುರಿಗಳು ಮೇಯುವ ಉಪ್ಪುನೆಲವು ದ್ವೀಪದ ಕಡೆಗೆ ಸರಿಯುತ್ತಾ ಬಂದಿತು. ಗೋಡೆಯ ಬುಡದಲ್ಲಿಯೇ ಸಾವಿರಾರು ಮೋಟಾರುಗಳು ನಿಲ್ಲುತ್ತಿದ್ದವು. ಹೀಗೆಯೇ ಬಿಟ್ಟರೆ 2040ರ ಹೊತ್ತಿಗೆ ದ್ವೀಪವು ದ್ವೀಪವಾಗಿರದೆ ಹುಲ್ಲುಗಾವಲಿನ ನಡುವಣ ಒಂದು ಗುಡ್ಡವಾಗುವುದೆಂದು ತಜ್ಞರು ಎಣಿಸಿದರು. ಬೆಂಕಿಯೂ ಫಿರಂಗಿಯೂ ಮಾಡಲಾರದ್ದನ್ನು ಒಂದು ಸುಗಮವಾದ ರಸ್ತೆಯು ಮಾಡುವುದರಲ್ಲಿತ್ತು.

ಆಗ ಅವರು ಕೈಗೊಂಡ ಕೆಲಸವು ಮೆಚ್ಚತಕ್ಕದ್ದು. 2009ರಲ್ಲಿ ಎಂಟು ಬಾಗಿಲುಗಳ ಹೊಸ ಅಣೆಕಟ್ಟು ಕೆಲಸಕ್ಕೆ ಬಂದಿತು. ಉಬ್ಬರದ ನೀರನ್ನು ಅದು ಒಳಗೆ ಬಿಟ್ಟುಕೊಂಡು ಹಿಡಿದಿಟ್ಟು, ಇಳಿತವಾದ ಮೇಲೆ ರಭಸದಿಂದ ಹೊರಬಿಡುತ್ತದೆ. ಆ ರಭಸವು ಹೂಳನ್ನು ಸಮುದ್ರಕ್ಕೆ ತಳ್ಳುತ್ತದೆ. 2014ರಲ್ಲಿ ತೆಳುವಾದ ಉಕ್ಕಿನ ಕಂಬಗಳ ಮೇಲೆ ನಿಂತ ಹೊಸ ಸೇತುವೆಯನ್ನು ತೆರೆದರು. ನೀರು ಅದರ ಅಡಿಯಲ್ಲಿ ತಡೆಯಿಲ್ಲದೆ ಹರಿಯುತ್ತದೆ. 2015ರಲ್ಲಿ ಹಳೆಯ ಒಡ್ಡುರಸ್ತೆಯನ್ನು ಅಗೆದು ತೆಗೆದರು. ಅದೇ ವರ್ಷದ ಮಾರ್ಚ್ ತಿಂಗಳ ಮಹಾ ಉಬ್ಬರವನ್ನು ನೋಡಲು ಜನರು ಕಿಕ್ಕಿರಿದು ನೆರೆದರು. ಈಗ ವರ್ಷದ ಕೆಲವು ದೊಡ್ಡ ಉಬ್ಬರಗಳಲ್ಲಿ ಸಮುದ್ರವು ಬೆಟ್ಟವನ್ನು ಸುತ್ತಲೂ ಬಳಸುತ್ತದೆ. ಮೋಟಾರುಗಳನ್ನು ಸುಮಾರು ಎರಡೂವರೆ ಕಿಲೋಮೀಟರ್ ದೂರದಲ್ಲಿಯೇ ಬಿಟ್ಟು, ನಡೆದಾದರೂ ಸಣ್ಣ ಬಸ್ಸಿನಲ್ಲಾದರೂ ಹೋಗಬೇಕು. ನಾವು ನಡೆದೇ ಹೋದೆವು. ಹೆಜ್ಜೆಹೆಜ್ಜೆಗೂ ಬೆಟ್ಟವು ಬೆಳೆಯುವುದನ್ನು ಕಾಣುವ ಸುಖವು ನಡೆದವರಿಗೇ ದೊರೆಯುವುದು.

ಈಗಿನ ಸ್ಥಿತಿ

1979ರಲ್ಲಿ ಈ ಬೆಟ್ಟವೂ ಕೊಲ್ಲಿಯೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ವರ್ಷಕ್ಕೆ 25 ಲಕ್ಷಕ್ಕೂ ಮೇಲ್ಪಟ್ಟ ಜನರು ಬರುತ್ತಾರೆ. ಅಲ್ಲಿಯೇ ನೆಲೆಸಿರುವವರ ಸಂಖ್ಯೆ ಐವತ್ತನ್ನೂ ಮುಟ್ಟದು. ಇಕ್ಕಟ್ಟಾದ ಒಂದೇ ಬೀದಿಯಲ್ಲಿ ಅಂಗಡಿಗಳೂ ಊಟದ ಮನೆಗಳೂ ತುಂಬಿವೆ. ಅವುಗಳಲ್ಲಿ ಪ್ರಸಿದ್ಧವಾದದ್ದು ಆನೆಟ್ ಪೂಲಾರ್ ಎಂಬಾಕೆಯು 1888ರಲ್ಲಿ ತೆರೆದ ಭೋಜನಾಲಯ. ಮಠದ ದುರಸ್ತಿಗೆ ಬಂದ ವಾಸ್ತುಶಿಲ್ಪಿಯ ಮನೆಯಲ್ಲಿ ಪರಿಚಾರಿಕೆಯಾಗಿದ್ದ ಈಕೆ, ಊರಿನ ರೊಟ್ಟಿಗಾರನ ಮಗನನ್ನು ಮದುವೆಯಾಗಿ ಇಲ್ಲಿಯೇ ನಿಂತಳು. ಉಬ್ಬರವಿಳಿತದ ಕಾರಣ ಯಾತ್ರಿಕರು ಹೊತ್ತಿಲ್ಲದ ಹೊತ್ತಿನಲ್ಲಿ ಹಸಿದು ಬರುತ್ತಿದ್ದರು. ಅವರಿಗೆ ತಡವಿಲ್ಲದೆ ಬಡಿಸಲು ಮೊಟ್ಟೆಗಳನ್ನು ತಾಮ್ರದ ಪಾತ್ರೆಯಲ್ಲಿ ನೊರೆಬರುವಂತೆ ಕಡೆದು, ಸೌದೆಯ ಉರಿಯಲ್ಲಿ ಆಮ್ಲೆಟ್ ಮಾಡಿಕೊಡುತ್ತಿದ್ದಳು. ಅದರಿಂದಲೇ ಆಕೆಯ ಹೆಸರು ದೇಶಾಂತರಗಳಿಗೆ ಹಬ್ಬಿತು. ಪಾತ್ರೆಯ ತಾಳಬದ್ಧವಾದ ಸದ್ದು ಬೀದಿಯಲ್ಲಿ ಇಂದಿಗೂ ಕೇಳಿಸುತ್ತದೆ.

ಮಠದ ಸಾವಿರದ ವರ್ಷವಾದ 1966ರಲ್ಲಿ ಸನ್ಯಾಸಿಗಳು ಮರಳಿ ಬಂದರು. 2001ರಿಂದ ಯೆರೂಸಲೇಮಿನ ಹೆಸರುಳ್ಳ ಒಂದು ಸಂಘದ ಸಹೋದರರೂ ಸಹೋದರಿಯರೂ ಅಲ್ಲಿ ವಾಸವಾಗಿ, ದಿನವೂ ಕೂಡಿ ಪ್ರಾರ್ಥಿಸುತ್ತಾರೆ. ದೊಡ್ಡ ದೇವಾಲಯದಲ್ಲಿ ಮಧ್ಯಾಹ್ನ ಅವರ ಹಾಡಿನ ಧ್ವನಿಯು ಏಳುವಾಗ ನಾವೂ ಹಿಂದೆ ಕುಳಿತಿದ್ದೆವು. ಬಂದವರಲ್ಲಿ ಅನೇಕರು ಚಿತ್ರ ತೆಗೆಯುವುದನ್ನು ನಿಲ್ಲಿಸಿ ತಲೆಬಾಗಿದರು. ಸಾವಿರ ವರ್ಷಗಳ ಕೆಳಗೆ ಪುರುಷರಿಗೆಂದೇ ಕಟ್ಟಿದ ಆ ಸ್ಥಳದಲ್ಲಿ ಸ್ತ್ರೀಕಂಠಗಳೂ ಸೇರಿ ಹಾಡುತ್ತಿರುವುದು ನಮಗೆ ವಿಶೇಷವಾದ ಸಂತೋಷವನ್ನು ಕೊಟ್ಟಿತು.

ಒಂದು ಮಾತನ್ನು ಹೇಳಿ ಈ ಲೇಖನವನ್ನು ಮುಗಿಸುತ್ತೇವೆ. ಹಳೆಯ ಸಂಸ್ಥೆಗಳ ಉತ್ಸವಗಳಲ್ಲಿ ಶಿಖರವನ್ನು ಹೊಗಳುವುದು ವಾಡಿಕೆ. ನಮ್ಮ ಶಾಲೆಯಲ್ಲಿಯೂ ಪದವಿ ಪಡೆದವರ ಹೆಸರುಗಳು ಹಲಗೆಯ ಮೇಲೆ ಬಂಗಾರದ ಬಣ್ಣದಲ್ಲಿವೆ; ಇರಲಿ, ಅವರು ನಮ್ಮ ಹೆಮ್ಮೆ. ಆದರೆ ಬೆಳಗಿನ ಜಾವ ಎದ್ದು ಬೋರ್ಡಿಂಗಿನ ಮಕ್ಕಳಿಗೆ ಗಂಜಿ ಬೇಯಿಸಿದವರು, ಸಂಬಳ ತಡವಾದ ತಿಂಗಳುಗಳಲ್ಲಿಯೂ ತರಗತಿಯನ್ನು ಬಿಡದ ಅಧ್ಯಾಪಿಕೆಯರು, ಕಿವಿಯ ಓಲೆಯನ್ನು ಮಾರಿ ಮಗಳ ಫೀಜನ್ನು ಕಟ್ಟಿದ ತಾಯಂದಿರು, ಇವರ ಹೆಸರು ಯಾವ ಹಲಗೆಯಲ್ಲಿಯೂ ಇಲ್ಲ. ಅವರು ಕತ್ತಲಲ್ಲಿ ನಿಂತ ಕಂಬಗಳು. ಪೋಷಕರೇ, ನಿಮ್ಮ ಹೆಣ್ಣುಮಕ್ಕಳಿಗೆ ದಾರಿಯನ್ನು ಸುಗಮಮಾಡಬೇಕೆಂಬ ನಿಮ್ಮ ಆಶೆಯು ಸಹಜವೇ. ಆದರೆ ಎಲ್ಲ ಅಲೆಗಳನ್ನೂ ತಡೆದರೆ ಹೂಳು ತುಂಬುವುದೆಂಬುದನ್ನು ಮರೆಯಬೇಡಿರಿ. ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಯಾರಿಗಾದರೂ ದೇವರು ಆ ಬೆಟ್ಟವನ್ನು ನೋಡುವ ಸಂದರ್ಭವನ್ನು ಕೊಟ್ಟರೆ, ಮೇಲಿನ ದೇವಾಲಯವನ್ನು ನೋಡಿದ ಮೇಲೆ ತಪ್ಪದೆ ಕೆಳಗಿನ ಗುಡಿಗೂ ಇಳಿದು, ಆ ದಪ್ಪ ಕಂಬಗಳಲ್ಲಿ ಒಂದರ ಮೇಲೆ ಕೈಯಿಟ್ಟು ಬನ್ನಿರಿ. ಕಲ್ಲು ತಣ್ಣಗಿರುತ್ತದೆ, ಅದರ ಮೇಲೆ ಐದುನೂರು ವರ್ಷಗಳ ಭಾರವಿದೆ.